ರಬ್ಬರ್ ಹಾಲಿನ ತೂಕ

ಸಾಸ್ವೆಹಳ್ಳಿಯ ಬಸ್ ನಿಲ್ದಾಣದ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದ ಕೆಂಚೇಶನ ಮನೆಯಲ್ಲಿ ಎರಡು ಮಾತುಗಳನ್ನು ಯಾರೂ ಎತ್ತುತ್ತಿರಲಿಲ್ಲ. ಒಂದು ಘಟ್ಟದ ಕೆಳಗಿನ ಸುಳ್ಯ, ಇನ್ನೊಂದು ರಬ್ಬರ್ ತೋಟ. ಹರಿದ ಟೈರು, ಹಳೆಯ ಟ್ಯೂಬು, ಅಂಟು, ತೇಪೆಗಳ ನಡುವೆಯೇ ಹಗಲೆಲ್ಲ ಕೂರುವ ಮನುಷ್ಯ, ಮನೆಗೆ ಬಂದು ರಬ್ಬರ್ ತೋಟದ ಸುದ್ದಿ ಕೇಳಿದರೆ ತಟ್ಟೆ ಬಿಟ್ಟು ಏಳುತ್ತಾನೆಂಬುದು ಅವನ ಹೆಂಡತಿ ಮಾಲಾಳಿಗೆ ಮದುವೆಯಾದ ಮೊದಲ ತಿಂಗಳಲ್ಲೇ ತಿಳಿದುಹೋಗಿತ್ತು.

ಕಾರಣ ಅವನ ತಾಯಿ ಅಂಜಿನಮ್ಮ. ಗಂಡ ತೀರಿಕೊಂಡ ವರ್ಷ ಅವಳು ಎಂಟು ವರ್ಷದ ಕೆಂಚೇಶನನ್ನೂ ನಾಲ್ಕು ವರ್ಷದ ಪರಶುರಾಮನನ್ನೂ ಜಗಳೂರು ಸೀಮೆಯ ತನ್ನ ತವರಿನಲ್ಲಿ ಬಿಟ್ಟು, ಮೇಸ್ತ್ರಿಯೊಬ್ಬನ ಹಿಂದೆ ಘಟ್ಟ ಇಳಿದು ಸುಳ್ಯಕ್ಕೆ ಹೋಗಿ, ರಬ್ಬರ್ ಮರಗಳ ಹಾಲು ತೆಗೆಯುವ ಕೆಲಸಕ್ಕೆ ನಿಂತಿದ್ದಳು. ವರ್ಷಕ್ಕೊಮ್ಮೆ, ಮರಗಳು ಎಲೆ ಉದುರಿಸಿ ಹಾಲು ನಿಲ್ಲುವ ಕಾಲಕ್ಕೆ ಮಾತ್ರ ಊರಿಗೆ ಬರುತ್ತಿದ್ದಳು. ಈಗ ಅವಳಿಗೆ ಅರವತ್ತೆಂಟು. ಹಿರಿಯ ಮಗನ ಮನೆಯಲ್ಲೇ ಇದ್ದಳು. ಮಗ ಅವಳಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ತಂದುಕೊಡುತ್ತಿದ್ದ, ಹಬ್ಬಕ್ಕೆ ಸೀರೆ ತರುತ್ತಿದ್ದ. ಮಾತು ಮಾತ್ರ ಅಳೆದು ಆಡುತ್ತಿದ್ದ.

ಅಂಥ ಮನೆಯ ಮಗಳು ಅಕ್ಷಿತಾ ಹೊನ್ನಾಳಿಯಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದಳು. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯ ಮಲೇಷ್ಯಾ ದೇಶದ ನೈಸರ್ಗಿಕ ರಬ್ಬರ್ ಆಮದು. ಒಂದು ಕಾಲಕ್ಕೆ ಜಗತ್ತಿಗೆಲ್ಲ ರಬ್ಬರ್ ಮಾರುತ್ತಿದ್ದ ಆ ದೇಶ ಕಾರ್ಖಾನೆಗಳ ದೇಶವಾಗಿ ಬೆಳೆದ ಮೇಲೆ ಹೊರಗಿನಿಂದ ರಬ್ಬರ್ ತರಿಸತೊಡಗಿತು. ನಲವತ್ತು ವರ್ಷಗಳಲ್ಲಿ ಆ ಆಮದು ಹೇಗೆ ಏರಿತು, ಏಕೆ ಏರಿತು ಎಂಬುದನ್ನು ಅವಳು ಬರೆಯಬೇಕಿತ್ತು. ಬರೆದಳು. ಅಕ್ಟೋಬರ್ ತಿಂಗಳ ಒಂದು ಶನಿವಾರ ಆ ಬರಹ ಹಿಂದಕ್ಕೆ ಬಂತು.

"ಏನಂತೆ?" ಎಂದು ಕೆಂಚೇಶ ರೊಟ್ಟಿ ಮುರಿಯುತ್ತಾ ಕೇಳಿದ.

"ಲೆಕ್ಕ ಕೂಡಿಲ್ಲವಂತೆ ಅಪ್ಪಾ. ಇಪ್ಪತ್ತು ದಿನದಾಗೆ ಸರಿ ಮಾಡಿ ಕೊಡಬೇಕು. ಇಲ್ಲಾಂದ್ರೆ ಕಲ್ಪನಾ ಮೇಡಂ ಸಹಿ ಹಾಕಲ್ಲ."

"ಹಾಕ್ಲಿಲ್ಲ ಅಂದ್ರೆ?"

"ವರ್ಷ ಹೋಗತೈತೆ."

"ಹೋದ್ರೆ ಹೋಗ್ಲಿ ಬಿಡು. ಇನ್ನೊಂದು ವರ್ಷ ಬಸ್ಸಿಗೆ, ಫೀಜಿಗೆ ನಂತಾವ ಆಗಲ್ಲ. ಮೊದಲೇ ಬಡ್ಕೊಂಡೆ, ಅಡಿಕೆ ಮಾರಾಟದ ಮೇಲೆ ಬರಿ, ಊರ ತುಂಬ ಅದೇ ಐತೆ ಅಂತ. ನಿಂಗೆ ಬೇಕಾಗಿದ್ದು ಅದೊಂದೇ ದರಿದ್ರ ವಸ್ತು."

ಮಾಲಾ ಪಲ್ಯದ ಸೌಟನ್ನು ಪಾತ್ರೆಗೆ ಬಡಿದಳು. "ಅಲ್ರೀ, ಅಂಗಡಿ ತುಂಬ ಅದನ್ನೇ ಹರವಿಕೊಂಡು ಕೂತಿರ್ತೀರಿ. ಮಗಳು ಬರೆದ್ರೆ ಮಾತ್ರ ದರಿದ್ರ ಆಗಿಬಿಡ್ತಾ?"

"ಅಂಗಡೀದು ಹೊಟ್ಟೆಪಾಡು."

"ನಂದೂ ಹೊಟ್ಟೆಪಾಡೇ ಆಗಿತ್ತು ಕಣಪ್ಪ," ಎಂದಳು ಗೋಡೆಗೆ ಒರಗಿ ಕೂತಿದ್ದ ಅಂಜಿನಮ್ಮ.

ಕೆಂಚೇಶ ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಕೈತೊಳೆಯಲು ಎದ್ದ.

ಅಕ್ಷಿತಾಳ ತೊಂದರೆ ಇಷ್ಟು. ಆ ದೇಶದ ಬಂದರುಗಳಲ್ಲಿ ಪ್ರತಿ ವರ್ಷ ಇಳಿದ ರಬ್ಬರಿನ ತೂಕವನ್ನು ಬಗೆಬಗೆಯಾಗಿ ಪಟ್ಟಿ ಮಾಡಿ, ಅವಳು ಅವನ್ನೆಲ್ಲ ಕೂಡಿಸಿದ್ದಳು. ರಬ್ಬರ್ ವ್ಯವಹಾರ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ತಾನೇ ಬೇರೆಯಾಗಿ ಮೊತ್ತ ಪ್ರಕಟಿಸುತ್ತಿತ್ತು. ಎರಡೂ ಒಂದೇ ಆಗಿರಬೇಕು. ಹಳೆಯ ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ಈಚೆಗೆ ಬರಬರುತ್ತ ಅಕ್ಷಿತಾಳ ಮೊತ್ತ ಮೇಲಕ್ಕೆ ಹೋಗಿ, ಸಂಸ್ಥೆಯ ಮೊತ್ತ ಅದರ ಕೆಳಗೇ ಉಳಿದಿತ್ತು. ಕಾಗದದ ಮೇಲೆ ಎರಡು ಗೆರೆಗಳು ಬಾಯಿ ತೆರೆದ ಇಕ್ಕಳದಂತೆ ಅಗಲವಾಗುತ್ತ ಹೋಗಿದ್ದವು. ಆ ಬಾಯಿಯ ಸುತ್ತ ಅವಳ ಮಾರ್ಗದರ್ಶಕಿ ಕಲ್ಪನಾ ಮೇಡಂ ಪೆನ್ಸಿಲಿನಿಂದ ಒಂದು ವೃತ್ತ ಎಳೆದು, ಕೆಳಗೆ ಬರೆದಿದ್ದರು: "ಎಲ್ಲೋ ಎರಡೆರಡು ಸಲ ಕೂಡಿಸಿದ್ದೀಯ. ಸರಿಪಡಿಸು ಅಥವಾ ವಿಷಯ ಬದಲಿಸು."

ಮಾರನೆಯ ದಿನ ಭಾನುವಾರ. ಅಡಿಕೆ ಸುಲಿಯುವ ಕಾಲವಾದ್ದರಿಂದ ಮಾಲಾ ದಿನಾ ಬೆಳಿಗ್ಗೆ ಆರೂವರೆಗೆ ಹೆಂಗಸರನ್ನು ತುಂಬಿಕೊಂಡು ಹೋಗುವ ಆಟೋ ಹತ್ತಿ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಒಂದು ಖೇಣಿ ಮನೆಗೆ ಹೋಗುತ್ತಿದ್ದಳು. ತೋಟದ ಫಸಲನ್ನು ಮರದ ಮೇಲಿರುವಾಗಲೇ ಕೊಂಡು, ಕೊಯ್ಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವವರ ಅಂಗಳ ಅದು. ರಜೆಯ ದಿನ ಮಗಳೂ ಜೊತೆಗೆ ಹೋಗುವುದು ರೂಢಿ. ಆ ಭಾನುವಾರ ಅಕ್ಷಿತಾ ಕಾಗದಗಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಹೋದಳು. ಮಧ್ಯಾಹ್ನದ ಊಟದ ಹೊತ್ತಿಗೆ ಹೊರತೆಗೆದಾಗ ಹೆಂಗಸರೆಲ್ಲ ಬಗ್ಗಿ ನೋಡಿದರು.

"ಏನೇ ಮಾಲಾ, ನಿನ್ನ ಮಗಳು ಜಾತಕ ಬರೀತಾಳಾ?" ಎಂದಳು ಕಲ್ಲಮ್ಮ. ಆ ಅಂಗಳದಲ್ಲಿ ಅವಳ ಕೈಯಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ, ಬಾಯಿಯೂ.

"ಹೂಂ ಕಣಕ್ಕ, ನಿಂದೂ ತತ್ತಾ. ಎಲ್ಲಾ ಮನೆಯಾಗೂ ಶನಿ ಅಂತ ಬರೀತಾಳೆ."

ಸಂಜೆ ಮನೆಗೆ ಬಂದಾಗ ಜಗಳೂರಿನಿಂದ ಪರಶುರಾಮ್ ಬಂದಿದ್ದ. ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಅಣ್ಣನ ಮನೆಗೂ ಬರುತ್ತಿರಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣವನ್ನು ಬಿಚ್ಚಿ ನಡುವೆ ಇಟ್ಟುಕೊಂಡು ಎಲ್ಲರೂ ಕೂತರು.

"ಅಕ್ಷಿ, ನಮ್ಮ ಆಫೀಸಲ್ಲಿ ಕಂಪ್ಯೂಟರ್ ಆಪರೇಟರ್ ಬೇಕಂತೆ. ಗುತ್ತಿಗೆ ಕೆಲಸ. ಬರೋ ತಿಂಗಳು ಹದಿನೈದಕ್ಕೆ ಸೇರಬೇಕು. ನಾನು ಸಾಹೇಬರಿಗೆ ಹೇಳಿಟ್ಟೀನಿ," ಎಂದ ಪರಶುರಾಮ್.

"ಪ್ರಬಂಧ ಮುಗಿದ್ರೆ ಬರ್ತೀನಿ ಚಿಕ್ಕಪ್ಪ."

"ಮುಗೀದಿದ್ರೂ ಬರ್ತಾಳೆ," ಎಂದ ಕೆಂಚೇಶ. "ಇಪ್ಪತ್ತು ದಿನ ಕೊಟ್ಟವ್ರೆ. ಅದರೊಳಗೆ ಆಯ್ತಾ, ಸರಿ. ಇಲ್ಲಾಂದ್ರೆ ಪುಸ್ತಕ ಕಟ್ಟಿಟ್ಟು ಜಗಳೂರಿನ ಬಸ್ ಹತ್ತಾದು. ಇದೇ ಕೊನೇ ಮಾತು."

ಅಕ್ಷಿತಾ ಬಜ್ಜಿಯ ತೊಟ್ಟನ್ನು ಕಾಗದಕ್ಕೆ ಒರೆಸುತ್ತ ಕೂತಳು. ಎರಡು ವರ್ಷ ದಿನಕ್ಕೆರಡು ಬಸ್ ಹತ್ತಿಳಿದು, ಗ್ರಂಥಾಲಯದ ಬಾಗಿಲು ಹಾಕುವವರೆಗೂ ಕೂತು ಓದಿದ್ದು ಇಪ್ಪತ್ತು ದಿನಗಳ ತಕ್ಕಡಿಗೆ ಬಂದು ನಿಂತಿತ್ತು.

ಆ ವಾರವೆಲ್ಲ ಅವಳು ಪಟ್ಟಿಗಳನ್ನು ಮತ್ತೆ ಮತ್ತೆ ಹೊಂದಿಸಿ ನೋಡಿದಳು. ಎರಡು ಸಲ ಕೂಡಿಸಿದ್ದು ಎಲ್ಲೂ ಸಿಗಲಿಲ್ಲ. ಬುಧವಾರ ಸಂಜೆ, ಕಣ್ಣು ಸೋತು, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅಂಜಿನಮ್ಮ ಅವರೆಕಾಯಿ ಬಿಡಿಸುತ್ತಿದ್ದಳು.

"ಅಜ್ಜಿ, ನಾನು ಓದ್ತಾ ಹೋಗ್ತೀನಿ. ಪ್ರತಿ ಸಾಲಿಗೂ ಒಂದೊಂದು ಕಾಳು ಆ ಕಡೆ ಇಡು. ಸಾಲು ತಪ್ಪಬಾರದು."

"ಓದು."

"ಶೀಟು ಇಷ್ಟು ಟನ್ನು. ಬ್ಲಾಕು ಇಷ್ಟು ಟನ್ನು. ಹಾಲು ಇಷ್ಟು ಟನ್ನು. ಒಟ್ಟು..."

ಅಂಜಿನಮ್ಮ ಕಾಳು ಇಡಲಿಲ್ಲ. "ಏನೇನು ಕೂಡಿಸ್ದೆ?"

"ಶೀಟು, ಬ್ಲಾಕು, ಹಾಲು."

"ಹಾಲನ್ನ ಯಾಕೆ ಅದರ ಜತೆ ಕೂಡಿಸಿದ್ದೀ?"

"ಎಲ್ಲಾ ರಬ್ಬರೇ ಅಲ್ವಾ? ಎಲ್ಲಾ ಟನ್ ಲೆಕ್ಕದಾಗೇ ಐತೆ."

"ಟನ್ನಾದ್ರೇನು, ಸೇರಾದ್ರೇನೇ? ಹಾಲಿನಾಗೆ ನೀರಿರತೈತೆ. ಶೀಟು ಅಂದ್ರೆ ಏನಂದ್ಕೊಂಡೆ? ಹಾಲಿಗೆ ಆಸಿಡ್ ಹಾಕಿ, ಹೆಪ್ಪು ಮಾಡಿ, ಯಂತ್ರಕ್ಕೆ ಕೊಟ್ಟು ನೀರೆಲ್ಲ ಹಿಂಡಿ, ಹೊಗೆ ಮನೆಯಾಗೆ ತೂಗುಹಾಕಿ ಒಣಗಿಸಿದ್ದು. ಮೂರು ಬಕೀಟು ಹಾಲು ಹೊತ್ರೆ ಒಂದು ಬಕೀಟಿನಷ್ಟು ರಬ್ಬರ್. ಉಳಿದದ್ದು ನೀರು. ನೀನು ಆ ನೀರನ್ನೂ ತೂಗಿಬಿಟ್ಟೀಯ."

ಅಡಿಕೆಯ ಚೊಗರಿನಿಂದ ಕಪ್ಪಾದ ಕೈಗಳನ್ನು ಸೋಪು ಹಚ್ಚಿ ತಿಕ್ಕುತ್ತಿದ್ದ ಮಾಲಾ ಬಚ್ಚಲಿನಿಂದಲೇ ತಲೆ ಹೊರಹಾಕಿದಳು. "ಅಯ್ಯೋ ನಿನ್ನ! ಹಸಿ ಅಡಿಕೇನೂ ಒಣ ಅಡಿಕೇನೂ ಒಂದೇ ರಾಶಿಗೆ ಸುರಿದು ತೂಗಿದಂಗಾತಲ್ಲೇ! ಒಂದು ಕ್ವಿಂಟಾಲ್ ಹಸಿ ಕಾಯಿಗೆ ಹದಿಮೂರು ಕೇಜಿ ಬಿದ್ರೆ ಖೇಣಿಯೋನು ಕುಣೀತಾನೆ. ಮೂರನೇ ಕ್ಲಾಸಿನಿಂದ ನನ್ನ ಜತೆ ಸುಲಿಯಾಕೆ ಬರ್ತೀಯ, ನಿಂಗೆ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಹಸಿಯ ತೂಕ ಬೇರೆ, ಒಣಗಿದ್ದರ ತೂಕ ಬೇರೆ ಎಂಬ ತಿಳಿವಳಿಕೆಯ ಮೇಲೆಯೇ ಒಂದಿಡೀ ತಾಲ್ಲೂಕಿನ ವ್ಯಾಪಾರ ನಡೆಯುತ್ತಿತ್ತು. ಆ ವ್ಯಾಪಾರದ ಅಂಗಳದಲ್ಲಿ ಬೆಳೆದ ಹುಡುಗಿ, ಅಚ್ಚಾದ ಪುಸ್ತಕದಲ್ಲಿ ಟನ್ನು ಎಂಬ ಶಬ್ದ ಕಂಡೊಡನೆ ಅದನ್ನು ಮರೆತಿದ್ದಳು. ಅಕ್ಷಿತಾ ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟು, ಅವಳ ಮಡಿಲಿನ ಕಾಯಿಯನ್ನೆಲ್ಲ ಚೆಲ್ಲಿ ಎದ್ದಳು.

ಆದರೆ ಗೆಲುವು ಒಂದೇ ದಿನ ಉಳಿಯಿತು. ಹಾಲಿನ ತೂಕದಲ್ಲಿ ಮೂರನೇ ಒಂದು ಪಾಲನ್ನಷ್ಟೇ ಇಟ್ಟುಕೊಂಡು ಮತ್ತೆ ಕೂಡಿಸಿದಾಗ, ಮೇಲಿದ್ದ ಅವಳ ಗೆರೆ ಧಡಕ್ಕನೆ ಕೆಳಗಿಳಿದು, ಸಂಸ್ಥೆಯ ಗೆರೆಯನ್ನೂ ದಾಟಿ ಇನ್ನೂ ಕೆಳಗೆ ಹೋಯಿತು. ಮೊದಲು ಹೆಚ್ಚಾಗಿದ್ದದ್ದು ಈಗ ಕಡಿಮೆ. ಗುರುವಾರ ಸಂಜೆ ಅವಳು ಕಾಗದದ ಮೇಲೆ ತಲೆಯಿಟ್ಟು ಕೂತಿದ್ದಾಗ ಕೆಂಚೇಶ ಅಂಗಡಿ ಮುಚ್ಚಿ ಬಂದ.

"ಯಾಕಂತೆ?" ಎಂದು ಹೆಂಡತಿಯನ್ನು ಕೇಳಿದ.

"ಅತ್ತೆ ಹೇಳಿದ ಲೆಕ್ಕಾನೂ ಕೂಡಲಿಲ್ಲವಂತೆ."

ಕೆಂಚೇಶ ನಕ್ಕ. ಅದು ಒಳ್ಳೆಯ ನಗುವಾಗಿರಲಿಲ್ಲ. "ಅವಳ ಮಾತು ನಂಬಿದ್ಯಾ ಮಗಾ? ನಾವೂ ನಂಬಿದ್ವಿ. ಬರೋ ಹಬ್ಬಕ್ಕೆ ಬಂದುಬಿಡ್ತೀನಿ, ಇನ್ನು ಹೋಗಲ್ಲ ಅಂತ ಪ್ರತಿ ವರ್ಷ ಹೇಳಾಳು. ನಾನು ಪರಶನ್ನ ಎತ್ಕೊಂಡು ಬಸ್ ಸ್ಟ್ಯಾಂಡಿನಾಗೆ ನಿಂತಿರ್ತಿದ್ದೆ."

"ಕೆಂಚ," ಎಂದಳು ಅಂಜಿನಮ್ಮ. ಅವಳು ದನಿಯೆತ್ತಿ ಮಗನಿಗೆ ಎದುರು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. "ನಿನ್ನ ಒಂದು ಸಲ ಕರ್ಕೊಂಡು ಹೋಗಿದ್ದೆ. ಮರೆತ್ಯಾ? ಕೂಲಿಯೋರ ಲೈನ್ ಮನೆಯಾಗೆ ನೀನು ಹದಿನೈದು ದಿನ ಇದ್ದೆ. ಕಾಲಿಗೆಲ್ಲ ಜಿಗಣೆ. ಶಾಲೆ ಎಲ್ಲೈತೆ ಅಂತ ಕೇಳಿದ್ರೆ ಎರಡು ಗುಡ್ಡದಾಚೆ ತೋರಿಸಿದ್ರು. ಅದಕ್ಕೇ ತಿರುಗಿ ಬಿಟ್ಟು ಬಂದೆ. ನೀನು ಓದಲಿ ಅಂತ."

"ಏಳನೇ ಕ್ಲಾಸಿಗೆ ಬಿಟ್ಟೆನಲ್ಲ!"

"ಅದು ನಿನ್ನ ಹಟ. ನಂಗೆ ಯಾಕೆ ಹಾಕ್ತಿ? ಪರಶ ಓದಲಿಲ್ವಾ?"

"ಓದಿಸಿದೋನು ನಾನು! ಟೈರ್ ಬಿಚ್ಚಿ ಓದಿಸಿದೆ."

"ನೀನು ಬಿಚ್ಚೋ ಟೈರಿನಾಗೆ ನಾನು ತೆಗೆದ ಹಾಲೂ ಇತ್ತು ಕಣೋ!"

ಒಲೆಯ ಮೇಲೆ ಸಾರು ಉಕ್ಕಿ ಚುಂಯ್ ಎಂದಿತು. ಮಾಲಾ ಅದರ ಕಡೆ ಓಡಿದಳು. ಕೆಂಚೇಶ ಬಾಗಿಲಲ್ಲೇ ನಿಂತಿದ್ದ. ಅಂಜಿನಮ್ಮ ಮಗನಿಂದ ಮುಖ ತಿರುಗಿಸಿ ಮೊಮ್ಮಗಳ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಓದು ಬಾರದ ಕಣ್ಣುಗಳು ಗೆರೆಗಳನ್ನು ನೋಡಿದವು.

"ಅಕ್ಷಿ, ಈ ಹಾಲು ಹೆಂಗೆ ಹೋಗತೈತೆ? ಲಾರಿನಾಗಾ?"

"ದೇಶದಿಂದ ದೇಶಕ್ಕೆ ಅಜ್ಜಿ. ಟ್ಯಾಂಕರು, ಹಡಗು."

"ಹಂಗಾದ್ರೆ ತೋಟದ ಹಾಲು ಅಲ್ಲ ಅದು. ತೋಟದ ಹಾಲು ಸಂಜೆಗೆ ಕೆಟ್ಟುಹೋಗತೈತೆ, ಹಡಗಿಗೆ ಎಲ್ಲಿ ತಡೀತೈತೆ? ಕೊನೇ ವರ್ಷ ನನ್ನನ್ನ ಫ್ಯಾಕ್ಟ್ರಿ ತೊಳೆಯಾಕೆ ಹಾಕಿದ್ರು. ಅಲ್ಲೊಂದು ಯಂತ್ರ, ಮಜ್ಜಿಗೆ ಕಡೆದಂಗೆ ಗರಗರ ತಿರುಗಾದು. ಹಾಲು ಬಿಟ್ರೆ ಒಂದು ಕಡೆ ನೀರು, ಒಂದು ಕಡೆ ಗಟ್ಟಿ ಹಾಲು. ಅದಕ್ಕೆ ಘಾಟು ಔಷಧಿ ಹಾಕಿ ಡ್ರಮ್ಮಿಗೆ ತುಂಬೋರು. ಐದು ಡ್ರಮ್ಮಿಗೆ ಮೂರು ಡ್ರಮ್ಮು ರಬ್ಬರ್ ಅಂತ ಮ್ಯಾನೇಜರ್ ಬಂದೋರಿಗೆಲ್ಲ ಹೇಳೋನು. ಕೇಳೀ ಕೇಳೀ ನಂಗೆ ಬಾಯಿಪಾಠ ಆಗಿತ್ತು."

ಅಕ್ಷಿತಾ ಪೆನ್ನು ತೆಗೆದಳು. ಐದರಲ್ಲಿ ಮೂರು. ಕಳೆದ ವರ್ಷದ್ದು ಮೊದಲು. ಆಮೇಲೆ ಅದರ ಹಿಂದಿನದು. ಆಮೇಲೆ ಹತ್ತು ವರ್ಷ ಹಿಂದಿನದು. ಪ್ರತಿ ಉತ್ತರ ಬಂದಾಗಲೂ ಸಂಸ್ಥೆಯ ಪಟ್ಟಿಯಲ್ಲಿ ಬೆರಳಿಟ್ಟು ಹೋಲಿಸಿದಳು. ಕೂದಲೆಳೆಯಷ್ಟು ಅಂತರ ಬಿಟ್ಟರೆ ಎರಡು ಗೆರೆಗಳೂ ಜೋಡೆತ್ತಿನ ಹಾಗೆ ಒಟ್ಟಿಗೆ ನಡೆಯತೊಡಗಿದವು.

"ಅಮ್ಮಾ! ಕೂಡ್ತು! ಬಾ ಇಲ್ಲಿ, ಕೂಡ್ತು!"

ಮಾಲಾ ಸೌಟು ಹಿಡಿದೇ ಬಂದಳು. ಆ ಸಂಜೆ ಕೆಂಚೇಶ ತಟ್ಟೆ ಬಿಟ್ಟು ಏಳಲಿಲ್ಲ.

ಶುಕ್ರವಾರ ಕಲ್ಪನಾ ಮೇಡಂ ಆ ಹೊಸ ಪಟ್ಟಿಯನ್ನು ಎರಡು ಸಲ ಓದಿದರು. ಕೆರೆಬಿಳಚಿಯ ಅಡಿಕೆ ಮನೆತನದಲ್ಲಿ ಹುಟ್ಟಿದವರಾದ್ದರಿಂದ ಅವರಿಗೆ ವಿವರಣೆ ಬೇಕಾಗಲಿಲ್ಲ. ಹಣೆಗೆ ಕೈ ಹೊಡೆದುಕೊಂಡರು.

"ಅಲ್ಲಮ್ಮಾ, ಹಸಿ ಕಾಯಿ ಲೆಕ್ಕ ಇದು! ಸಂಸ್ಥೆಯೋರು ಲೆಕ್ಕ ಹಾಕೋದು ಒಣ ರಬ್ಬರನ್ನ ಮಾತ್ರ. ನಂಗೂ ಹೊಳೀಲಿಲ್ಲ ನೋಡು. ಎರಡು ಸಲ ಕೂಡಿಸಿದ್ದೀಯ ಅಂತ ಬೇರೆ ಬರೆದುಬಿಟ್ಟೆ." ಆಮೇಲೆ ಹಳೆಯ ಪಟ್ಟಿಯನ್ನು ಮತ್ತೆ ತೆರೆಸಿದರು. "ಇದನ್ನ ಹರಿದು ಹಾಕಬೇಡ. ಹಳೇ ವರ್ಷಗಳಲ್ಲಿ ಯಾಕೆ ಅಂತರ ಇರಲಿಲ್ಲ? ಆಗ ಅವರು ಹೊರಗಿನ ಹಾಲು ತರಿಸ್ತಿದ್ದದ್ದು ಕಡಿಮೆ. ಈಗ ಯಾಕೆ ಇಷ್ಟು?"

"ಕೈಗವಸಿನ ಕಾರ್ಖಾನೆಗಳು ಮೇಡಂ. ಆಸ್ಪತ್ರೆಗಳಲ್ಲಿ ಹಾಕ್ಕೊಳ್ಳೋ ತೆಳು ಕೈಗವಸು. ಅದಕ್ಕೆ ಶೀಟು ಆಗಲ್ಲ, ಹಾಲೇ ಬೇಕು. ತಮ್ಮ ದೇಶದ ತೋಟದ್ದು ಸಾಲದೆ ಪಕ್ಕದ ದೇಶದಿಂದ ತರಿಸ್ತಾರೆ."

"ಅಂದ್ರೆ ನಿನ್ನ ತಪ್ಪಿನೊಳಗೇ ಕಥೆ ಇತ್ತು. ಅಂತರ ಅಗಲ ಆಗ್ತಾ ಹೋದದ್ದೇ ಆ ದೇಶದ ಕೈಗಾರಿಕೆ ಟೈರಿನಿಂದಾಚೆ ಬೆಳೆದದ್ದಕ್ಕೆ ಸಾಕ್ಷಿ. ಇದೊಂದು ಅಧ್ಯಾಯ ಬರಿ. ಇದನ್ನ ನಿಂಗೆ ಹೇಳಿಕೊಟ್ಟೋರು ಯಾರು?"

"ನಮ್ಮಜ್ಜಿ. ಟ್ಯಾಪಿಂಗ್, ಅಂದ್ರೆ ರಬ್ಬರ್ ಮರದ ಹಾಲು ತೆಗೆಯೋ ಕೆಲಸ ಮಾಡ್ತಿದ್ರು."

"ಹಾಗಾದ್ರೆ ಅವರ ಹೆಸರು ಆಧಾರಗಳ ಪಟ್ಟಿಯಲ್ಲಿ ಬರಬೇಕು. ಪುಸ್ತಕಕ್ಕೊಂದು ನ್ಯಾಯ, ಮನುಷ್ಯರಿಗೊಂದು ನ್ಯಾಯ ಇಲ್ಲ. ಹೆಸರು, ಕೆಲಸ, ಸ್ಥಳ, ಎಷ್ಟು ವರ್ಷ, ಒಪ್ಪಿಗೆಯ ಹೆಬ್ಬೆಟ್ಟು. ಈ ನಮೂನೆ ತುಂಬಿಸಿಕೊಂಡು ಬಾ. ಹೆಸರಿಲ್ಲದೆ ನಾನು ಸಹಿ ಹಾಕಲ್ಲ."

ಆ ನಮೂನೆ ಎರಡನೇ ಭಾನುವಾರದ ಜಗಳಕ್ಕೆ ಕಾರಣವಾಯಿತು. ಪರಶುರಾಮ್ ಕಾಗದ ಓದಿ, ಮಡಚಿ, ಮಂಡಕ್ಕಿಯ ಪಕ್ಕಕ್ಕೆ ಇಟ್ಟ.

"ಇದು ಬೇಡ. 'ರಬ್ಬರ್ ತೋಟದ ಕೂಲಿ' ಅಂತ ಅಚ್ಚು ಹಾಕಿಸಿದ್ರೆ, ಅದು ನಾಳೆ ನಮ್ಮ ಆಫೀಸಿಗೂ ಬರತೈತೆ. ನಾನು ಅಲ್ಲಿ ನಮ್ಮವ್ವ ಮನೇಲೇ ಇದ್ದೋಳು ಅಂತ ಹೇಳೀನಿ."

"ನಾನು ಮನೇಲೇ ಇದ್ನಾ?" ಎಂದಳು ಅಂಜಿನಮ್ಮ.

"ಅವ್ವಾ, ನಿಂಗೆ ಗೊತ್ತಾಗಲ್ಲ. ಸಂಬಂಧಿ ಒಬ್ರು ಅಂತ ಬರೆದ್ರೆ ಸಾಕು. ಹೆಸರು ಯಾಕೆ?"

"ಮೇಡಂ ಒಪ್ಪಲ್ಲ ಚಿಕ್ಕಪ್ಪ. ನಾನೂ ಒಪ್ಪಲ್ಲ," ಎಂದಳು ಅಕ್ಷಿತಾ.

"ಲ್ಯಾಪ್‌ಟಾಪ್ ಕೊಡಿಸಿದೋನು ನಾನು ಕಣಮ್ಮ."

"ಅದನ್ನೂ ಬರೀತೀನಿ. ಕೃತಜ್ಞತೆಯಲ್ಲಿ ಎರಡನೇ ಸಾಲು ನಿಮ್ದೇ."

ಮಾಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಪರಶುರಾಮ, ನಾನು ದಿನಾ ಅಡಿಕೆ ಸುಲಿಯಾಕೆ ಹೋಗ್ತೀನಲ್ಲ, ನಾಳೆ ನನ್ನನ್ನೂ ಮನೇಲೇ ಇದ್ದೋಳು ಅಂತೀಯೇನಪ್ಪ?"

"ಅತ್ತಿಗೆ, ನಿಮ್ಮ ವಿಷಯ ಬೇರೆ."

"ಬೇರೆ ಹೆಂಗೆ? ನನ್ನ ಕೈ ನೋಡು. ಇದನ್ನ ಯಾವ ಆಫೀಸಿನೋರಿಗೆ ಹೆದರಿ ಮುಚ್ಚಿಡ್ಲಿ?"

ಎಲ್ಲರೂ ಕೆಂಚೇಶನ ಕಡೆ ನೋಡಿದರು. ಮನೆಯ ಯಜಮಾನ ಅವನು. ರಬ್ಬರ್ ಎಂಬ ಮಾತಿಗೇ ಮೈ ಸುಟ್ಟುಕೊಳ್ಳುವವನು. ಅವನು ಬೇಡ ಎಂದರೆ ಮುಗಿಯಿತು. ಕೆಂಚೇಶ ನಮೂನೆಯನ್ನು ಎತ್ತಿಕೊಂಡು, ಏಳನೇ ತರಗತಿಯ ಓದಿನಲ್ಲಿ ಒಂದೊಂದೇ ಸಾಲು ಬಿಡಿಸುತ್ತ ಹೋದ.

"ಹೆಸರು: ಅಂಜಿನಮ್ಮ. ಸರಿ. ಕೆಲಸ: ರಬ್ಬರ್ ಟ್ಯಾಪಿಂಗ್. ಸರಿ. ಎಷ್ಟು ವರ್ಷ: ಹನ್ನೊಂದು." ಅವನು ತಲೆ ಎತ್ತಿದ. "ಇದ್ಯಾರು ಹೇಳಿದ್ದು?"

"ನಾನೇ. ಹನ್ನೊಂದೋ, ಹತ್ತೋ, ಅಷ್ಟೇ ಆಗಿರಬೇಕು," ಎಂದಳು ಅಂಜಿನಮ್ಮ.

"ತಪ್ಪು. ಹನ್ನೆರಡು ವರ್ಷ ಮೂರು ತಿಂಗಳು." ಅವನು ಆ ಸಾಲಿನ ಮೇಲೆ ಬೆರಳೂರಿದ. "ನೀನು ಎಣಿಸಿಲ್ಲ ಅವ್ವ. ನಾನು ಎಣಿಸೀನಿ. ಅಕ್ಷಿ, ಹೊಡೆದು ಹಾಕು ಇದನ್ನ. ಸರಿಯಾಗಿ ಬರಿ. ಒಂದು ತಿಂಗಳೂ ಕಡಿಮೆ ಮಾಡಬೇಡ."

ಅಂಜಿನಮ್ಮ ಹೆಬ್ಬೆಟ್ಟು ಒತ್ತಲು ಶಾಯಿ ಇರಲಿಲ್ಲ. ಕೆಂಚೇಶ ಅಂಗಡಿಗೆ ಹೋಗಿ ಟ್ಯೂಬಿನ ಮೇಲೆ ಗುರುತು ಹಾಕುವ ನೇರಳೆ ಪೆನ್ಸಿಲ್ ತಂದು, ನೆಂದ ಬಟ್ಟೆಯ ಮೇಲೆ ಅದರ ಮೊನೆ ತಿಕ್ಕಿ, ತಾಯಿಯ ಬೆರಳಿಗೆ ತಾನೇ ಹಚ್ಚಿದ. ಆ ಬೆರಳನ್ನು ಹಿಡಿದಾಗ, ಮರ ಕೆತ್ತುವ ಉಳಿಯಿಂದಾದ ಹಳೆಯ ಗಾಯದ ಗುರುತುಗಳು ಅವನ ಅಂಗೈಗೆ ಒರಟಾಗಿ ತಾಗಿದವು. ಬಹಳ ಹೊತ್ತು ಬಿಡಲಿಲ್ಲ. ಪರಶುರಾಮ್ ಮಂಡಕ್ಕಿಯಲ್ಲಿ ಕಡಲೆಕಾಯಿ ಹುಡುಕುತ್ತ ಕೂತ.

ಹದಿನೆಂಟನೇ ದಿನ ಪ್ರಬಂಧಕ್ಕೆ ಸಹಿ ಬಿತ್ತು. ಮೌಖಿಕ ಪರೀಕ್ಷೆ ನವೆಂಬರ್ ಹತ್ತಕ್ಕೆ ಎಂದಾಯಿತು. ಬೇರೆ ವಿಶ್ವವಿದ್ಯಾಲಯದಿಂದ ಪರೀಕ್ಷಕರಾಗಿ ಬರುವ ಪ್ರೊಫೆಸರ್ ಮರುಳಪ್ಪನವರ ಹೆಸರು ಕೇಳಿಯೇ ವಿದ್ಯಾರ್ಥಿಗಳು ಬೆವರುತ್ತಿದ್ದರು. ಅವರು ದಪ್ಪ ಪುಸ್ತಕದ ಸಣ್ಣ ತೂತನ್ನು ಹುಡುಕುವವರೆಂದು ಪ್ರಸಿದ್ಧಿ. ಪರೀಕ್ಷೆ ಎಲ್ಲರಿಗೂ ತೆರೆದಿದ್ದು. ಕೆಂಚೇಶ ಅಂಗಡಿಯ ಬಾಗಿಲಿಗೆ "ಇಂದು ರಜೆ" ಎಂದು ಬರೆದ ರಟ್ಟು ತೂಗುಹಾಕಿದ; ಹಬ್ಬಕ್ಕೂ ಮುಚ್ಚದ ಅಂಗಡಿ ಅದು. ಮಾಲಾ ಒಂದು ದಿನದ ಸುಲಿತ ಬಿಟ್ಟಳು. ಪರಶುರಾಮ್ ಜಗಳೂರಿನಿಂದ ನೇರವಾಗಿ ಹೊನ್ನಾಳಿಗೆ ಬಂದ. ಅಂಜಿನಮ್ಮನನ್ನು ಕೊನೆಯ ಸಾಲಿನ ಬೆಂಚಿನ ಮೇಲೆ ಕೂರಿಸಿದರು. ಪಕ್ಕದಲ್ಲಿ ಮುಂದಿನ ಸರದಿಯ ಹುಡುಗ, ನ್ಯಾಮತಿಯ ರವಿಕುಮಾರ್, ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುತ್ತಿದ್ದ.

ಅಕ್ಷಿತಾ ಇಪ್ಪತ್ತು ನಿಮಿಷ ಮಾತಾಡಿದಳು. ಎರಡು ಗೆರೆಗಳ ಚಿತ್ರ ಗೋಡೆಯ ಮೇಲೆ ಬಿದ್ದಾಗ ಅವಳ ದನಿ ಗಟ್ಟಿಯಾಯಿತು. ಮರುಳಪ್ಪನವರು ಕನ್ನಡಕ ಮೇಲೆತ್ತಿ ಪುಟಗಳನ್ನು ಹಿಂದೆ ಮುಂದೆ ತಿರುಗಿಸಿದರು.

"ಹಾಲಿನಲ್ಲಿರುವ ನೀರನ್ನು ಕಳೆದಿದ್ದೀರಿ. ಒಳ್ಳೆಯದು. ಆದರೂ ಈಚಿನ ವರ್ಷಗಳಲ್ಲಿ ನಿಮ್ಮ ಗೆರೆ ಇನ್ನೂ ಒಂದು ಕೂದಲೆಳೆಯಷ್ಟು ಮೇಲೇ ಇದೆ. ಎಲ್ಲ ವರ್ಷವೂ ಮೇಲೆಯೇ, ಒಮ್ಮೆಯೂ ಕೆಳಗಿಲ್ಲ. ಅದು ಯಾಕೆ?"

ಅಕ್ಷಿತಾ ಪುಸ್ತಕ ನೋಡಿದಳು. ಉತ್ತರ ಅಲ್ಲಿರಲಿಲ್ಲ. ಕಲ್ಪನಾ ಮೇಡಂ ಮೇಜಿನ ಅಂಚನ್ನು ಹಿಡಿದುಕೊಂಡರು.

"ಸರ್, ನಂಗೆ ಗೊತ್ತಿಲ್ಲ," ಎಂದಳು ಅಕ್ಷಿತಾ ಕೊನೆಗೆ. ಆಮೇಲೆ ತಲೆ ಎತ್ತಿದಳು. "ಆದ್ರೆ ನೂರ ಹನ್ನೆರಡನೇ ಪುಟದಲ್ಲಿ ನನ್ನ ಆಧಾರಗಳ ಪಟ್ಟಿ ಇದೆ. ಅದರಲ್ಲಿ ಮೊದಲನೇ ಹೆಸರಿನವರು ಇಲ್ಲೇ ಇದ್ದಾರೆ. ಅವರನ್ನ ಕೇಳಬಹುದಾ?"

ಮರುಳಪ್ಪನವರು ಪುಟ ತೆರೆದು ಓದಿದರು, ಕೊನೆಯ ಸಾಲಿನ ಕಡೆ ನೋಡಿದರು, ಎದ್ದು ನಿಂತರು. "ಕೇಳೋಣ. ಬನ್ನಿ ತಾಯಿ."

ಅಂಜಿನಮ್ಮ ಬರುವುದಕ್ಕೆ ಹೊತ್ತಾಯಿತು. ಕೆಂಚೇಶ ಅವಳ ತೋಳು ಹಿಡಿದು ಮುಂದಕ್ಕೆ ಕರೆತಂದು, ಅಲ್ಲೇ ಪಕ್ಕದಲ್ಲಿ ನಿಂತ. ಮೊಮ್ಮಗಳು ಪ್ರಶ್ನೆಯನ್ನು ತಿಳಿಸಿ ಹೇಳಿದಳು.

"ಹಾಲು ಬಿಟ್ಟು ಇನ್ನೇನೇನು ತರಿಸ್ತಾರೆ ಅವರು?" ಎಂದು ಅಂಜಿನಮ್ಮ ಕೇಳಿದಳು.

"ಶೀಟು, ಬ್ಲಾಕು. ಮತ್ತೆ ಮರಕ್ಕೆ ಕಟ್ಟಿದ ಚಿಪ್ಪಿನಲ್ಲೇ ಹೆಪ್ಪುಗಟ್ಟಿದ ಗಟ್ಟಿಯನ್ನೂ ತರಿಸ್ತಾರೆ, ಅಲ್ಲಿ ಹದ ಮಾಡೋಕೆ. ಅದನ್ನ ಬ್ಲಾಕಿನ ಜತೆಗೇ ಕೂಡಿಸಿದ್ದೀನಿ," ಎಂದಳು ಅಕ್ಷಿತಾ.

"ಅದೇ ಮತ್ತೆ! ಚಿಪ್ಪಿನ ಗಟ್ಟಿ ನೋಡಾಕೆ ಗಟ್ಟಿ, ಒಳಗೆಲ್ಲ ನೀರು. ಅದನ್ನ ಮರದಿಂದ ಕಿತ್ತು ಚೀಲಕ್ಕೆ ತುಂಬಿ ಹೊತ್ರೆ ಬೆನ್ನೆಲ್ಲ ತೊಯ್ದುಹೋಗೋದು, ನಾತ ಬೇರೆ. ಎಂಟು ದಿನ ಬಿಟ್ಟು ಅದೇ ಚೀಲ ಹೊತ್ರೆ ಬೆನ್ನು ಒಣಗಿರೋದು, ಹೊರೆ ಹಗುರ ಆಗಿರೋದು. ಮೇಸ್ತ್ರಿ ತಕ್ಕಡಿ ನೋಡ್ಕೊಂಡು ತೂಕ ಹೇಳೋನು ಸ್ವಾಮಿ. ನಾನು ಬೆನ್ನು ನೋಡ್ಕೊಂಡು ಹೇಳ್ತಿದ್ದೆ."

ಮರುಳಪ್ಪನವರು ಕನ್ನಡಕ ತೆಗೆದರು. ಪ್ರಬಂಧದ ಕೊನೆಯ ಪುಟ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು.

"ಇಪ್ಪತ್ತಾರು ವರ್ಷಗಳಿಂದ ಪರೀಕ್ಷೆ ಮಾಡುತ್ತಿದ್ದೇನೆ. ಆಧಾರಗ್ರಂಥವೇ ಎದ್ದು ಬಂದು ಉತ್ತರ ಹೇಳಿದ್ದು ಇದೇ ಮೊದಲು. ಅಕ್ಷಿತಾ, ಗೊತ್ತಿಲ್ಲ ಎಂದು ಹೇಳಿದಿರಿ, ಗೊತ್ತಿರುವವರು ಯಾರೆಂಬುದೂ ನಿಮಗೆ ಗೊತ್ತಿತ್ತು. ಸಂಶೋಧನೆ ಎಂದರೆ ಅಷ್ಟೇ. ಚಿಪ್ಪಿನ ಗಟ್ಟಿಯ ಮಾತನ್ನು ಒಂದು ಅಡಿಟಿಪ್ಪಣಿಯಾಗಿ ಸೇರಿಸಿ. ಈ ವಿಭಾಗದಲ್ಲಿ ಇದುವರೆಗೆ ಯಾರಿಗೂ ಕೊಡದ ಅಂಕ ಕೊಡುತ್ತಿದ್ದೇನೆ. ಇಲ್ಲಿಗೆ ನಿಲ್ಲಿಸಬೇಡಿ, ಪಿಎಚ್.ಡಿ.ಗೆ ಅರ್ಜಿ ಹಾಕಿ, ನಾನು ಶಿಫಾರಸು ಬರೆಯುತ್ತೇನೆ."

ಚಪ್ಪಾಳೆ ಮೊದಲು ಹೊಡೆದವಳು ಮಾಲಾ. ಅವಳ ಕಪ್ಪು ಅಂಗೈಗಳ ಸದ್ದು ಕೋಣೆಯಲ್ಲಿ ಎಲ್ಲಕ್ಕಿಂತ ಜೋರಾಗಿತ್ತು. ಕೆಂಚೇಶನಿಗೆ ಚಪ್ಪಾಳೆ ಹೊಡೆಯಲು ಆಗಲಿಲ್ಲ; ಅವನ ಒಂದು ಕೈ ತಾಯಿಯ ತೋಳಿನಲ್ಲಿತ್ತು.

"ಪಿಎಚ್.ಡಿ. ಅಂದ್ರೆ ಎಷ್ಟು ವರ್ಷ ಮೇಡಂ?" ಎಂದು ಅವನು ಕಲ್ಪನಾ ಮೇಡಂ ಅವರನ್ನು ಕೇಳಿದ.

"ನಾಲ್ಕೋ ಐದೋ ಆಗ್ತದೆ."

"ಆಗ್ಲಿ ಬಿಡ್ರಿ. ಓದ್ಲಿ," ಎಂದ ಕೆಂಚೇಶ. "ಟೈರಂತೂ ಪಂಕ್ಚರ್ ಆಗ್ತಾನೇ ಇರತಾವೆ."

ಹೊರಗೆ ಪಡಸಾಲೆಯಲ್ಲಿ ಪರಶುರಾಮ್ ಫೋನಿನಲ್ಲಿ ತನ್ನ ಕಚೇರಿಯವರಿಗೆ ಕೂಗಿ ಹೇಳುತ್ತಿದ್ದ. "ಆಪರೇಟರ್ ಕೆಲಸಕ್ಕೆ ಬೇರೆಯೋರನ್ನ ನೋಡ್ರಿ ಸರ್. ಹೂಂ ಸರ್, ನಮ್ಮ ತಾಯಿಯವರೇ ಸರ್! ಪ್ರೊಫೆಸರ್ ಎದ್ದು ನಿಂತು ಮಾತಾಡಿಸಿದ್ರು! ಹೌದು ಸರ್, ಸ್ವಂತ ತಾಯಿ! ರಬ್ಬರ್ ತೋಟದಾಗೆ ಕೂಲಿ ಮಾಡಿದೋರು ಸರ್, ಕೂಲಿ!"

ಒಳಗೆ ಮುಂದಿನ ಸರದಿಯವನನ್ನು ಕರೆದರು. ರವಿಕುಮಾರ್ ಎದ್ದವನು ಮೇಜಿನ ಕಡೆ ಹೋಗದೆ, ಹೊರಡುತ್ತಿದ್ದ ಅಂಜಿನಮ್ಮನ ಮುಂದೆ ಬಂದು ನಿಂತ. ಅವನ ಮುಖವೆಲ್ಲ ಬೆವರು.

"ಅಜ್ಜಿ, ನಂದು ಹತ್ತಿ ರಫ್ತಿನ ಮೇಲೆ ಐತೆ. ಒಂದು ಐದು ನಿಮಿಷ ಇದ್ದು ಹೋಗ್ತೀರಾ?"

ಅಂಜಿನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗನ ಕೈ ಬಿಡಿಸಿಕೊಂಡು, ಮೊದಲನೇ ಸಾಲಿನ ಬೆಂಚಿನಲ್ಲಿ ಕೂತಳು.

"ಹತ್ತೀನಾ? ಅದನ್ನ ನಾನು ರಬ್ಬರಿಗಿಂತ ಮೊದಲೇ ಬಿಡಿಸಿದೋಳು. ಹೋಗು ಮಗಾ, ಹೆದರಬೇಡ. ಏನು ಕೇಳ್ತಾರೋ ಕೇಳ್ಲಿ."